ಕೆಳಗಿನ ಒದೆತ

ಹುಬ್ಬಳ್ಳಿಯಲ್ಲಿ ಹ್ಯಾಪ್ಕಿಡೋ ಎಂಬ ಕೊರಿಯಾದ ಸಮರಕಲೆ ಕಲಿಸುತ್ತಿದ್ದ ಬಸವಂತ ಮಾಸ್ತರರ ಬಳಿಗೆ ಒಂದು ಮಧ್ಯಾಹ್ನ ಇಂದುಮತಿ ಎಂಬ ಹೆಂಗಸು ಬಂದಳು. ನಲವತ್ತರ ಆಸುಪಾಸಿನವಳು. ಕ್ಲಾಸು ಇದ್ದದ್ದು ಸಂಜೆಗೆ. ಮಾಸ್ತರರು ಒಬ್ಬರೇ ನೆಲದ ಮ್ಯಾಟು ಗುಡಿಸುತ್ತಿದ್ದರು.

"ಟೇಕ್ವಾಂಡೋ ಒದೆತಕ್ಕೂ ನಿಮ್ಮ ಒದೆತಕ್ಕೂ ಏನ್ ಫರಕ್ ಐತ್ರಿ?" ಎಂದು ಕೇಳಿದಳು.

ಇಂಥದ್ದನ್ನು ಕೇಳಿಕೊಂಡು ಬರುವವರು ಅಪರೂಪ. ಮಾಸ್ತರರು ಪೊರಕೆಯನ್ನು ಗೋಡೆಗೆ ಒರಗಿಸಿದರು. "ಅವರೂ ಕೊರಿಯಾದವರ. ಆದ್ರ ಅವರ ಕಾಲು ದೂರದಿಂದ ಮ್ಯಾಲ ಬರ್ತೈತಿ, ಎದಿಗೆ, ತಲಿಗೆ. ನಾವು ಹತ್ರ ನಿಂತು ಮೊಣಕಾಲಿಗೆ ಒದಿತೀವಿ. ಕಾಲು ಎತ್ತಿದ್ದ ಕಾಣೂದಿಲ್ಲ."

ಎರಡನ್ನೂ ಅವಳಿಗೆ ತಾಗದಂತೆ ಒದ್ದು ತೋರಿಸಿದರು. ಮೊದಲನೆಯದಕ್ಕೆ ಅವಳು ಮೊಣಕೈಯಿಂದ ಮುಖ ಮುಚ್ಚಿ ಥಟ್ಟನೆ ಪಕ್ಕಕ್ಕೆ ಸರಿದಳು. ಎರಡನೆಯದಕ್ಕೆ ಏನೂ ತಿಳಿಯದೆ ನಿಂತೇ ಇದ್ದಳು.

"ಮ್ಯಾಲಿಂದು ಛಲೋ ತಪ್ಪಿಸ್ಕೊಂಡ್ರಿ. ಟೇಕ್ವಾಂಡೋ ಕಲ್ತೀರೇನು?"

"ಕಲ್ತಿಲ್ರಿ. ಹನ್ನೊಂದು ವರ್ಷ ಮನ್ಯಾಗ ತಿಂದೀನಿ."

ಅವಳು ಮಾಸ್ತರರ ಕಾಲನ್ನೇ ನೋಡುತ್ತಿದ್ದಳು.

"ಈ ಕೆಳಗಿಂದು ಹೆಂಗ್ ತಪ್ಪಿಸ್ಕೊಳ್ಳೂದು, ಅಷ್ಟ ಹೇಳಿಕೊಡ್ರಿ."

"ಟೇಕ್ವಾಂಡೋದವರು ಕೆಳಗ ಒದಿಯೂದಿಲ್ರಿ, ಅಕ್ಕಾರ," ಎಂದರು ಮಾಸ್ತರರು ಮೆಲ್ಲಗೆ. "ನಿಮಗ ಆ ಅಂಜಿಕಿ ಬ್ಯಾಡ."

"ಹೋದ ತಿಂಗಳಿಂದ ನಮ್ಮ ಮನಿಯವರು ನಿಮ್ಮ ಕಡೆ ಕಲಿಯಾಕ ಬರಾಕತ್ತಾರ್ರಿ."