ಒಂದೇ ಹೆಸರಿನ ಚೀಟಿ

"ಚೀಟಿ ಮಡಚಿ ಲಕೋಟೆಗೆ ಹಾಕಿ, ಅಮ್ಮಾ. ಅಷ್ಟೇ ಕೆಲಸ."

ಕ್ಯಾಪ್ಟನ್ ಥಾಕ್ ಮೂರನೆಯ ಸಲ ಹೇಳಿದ. ಹುವೊಂಗ್ ಅಜ್ಜಿ ಎಲೆಅಡಿಕೆ ಜಗಿಯುತ್ತ ಕುಳಿತೇ ಇದ್ದಳು.

ಮೀ ಥೋ ಪಟ್ಟಣದ ಶಾಲೆಯಲ್ಲಿ ಮತದಾನ. ಚೀಟಿಯಲ್ಲಿ ಒಂದೇ ಹೆಸರು, ಈಗಾಗಲೇ ದೇಶದ ಅಧ್ಯಕ್ಷನಾಗಿದ್ದ ಜನರಲ್‌ನದು. ಬೇಡವೆನ್ನುವವರು ಚೀಟಿಯನ್ನು ಬುಟ್ಟಿಗೆಸೆದು ಖಾಲಿ ಲಕೋಟೆ ಹಾಕಬಹುದಿತ್ತು. ಬುಟ್ಟಿಯ ಪಕ್ಕದಲ್ಲೇ ಒಬ್ಬ ಪೊಲೀಸ್ ನಿಂತಿದ್ದ. ವೋಟು ಹಾಕಿದವರ ಕಾರ್ಡಿನ ಮೂಲೆ ಕತ್ತರಿಸುತ್ತಿದ್ದರು. ಮೂಲೆ ಉಳಿದ ಕಾರ್ಡು ಹಿಡಿದವನು ಮುಂದಿನ ಸೇತುವೆಯ ತಪಾಸಣೆ ದಾಟುವಂತಿರಲಿಲ್ಲ.

ಉಳಿದವರಿಗೆ ಬಿಸಿಲಲ್ಲಿ ಸಾಲು. ಅಜ್ಜಿಗೆ ಮಾತ್ರ ಕುರ್ಚಿ, ಎಳನೀರು, ರಾಜಧಾನಿಯಿಂದ ಬಂದ ಫೋಟೋದವನು.

"ನನ್ನ ಖಿಯೆಮ್‌ನ ಬಿಡ್ತೀರಾ?"

"ಲಕೋಟೆ ಡಬ್ಬಿಗೆ ಬಿದ್ದ ಕೂಡ್ಲೇ ವೈರ್‌ಲೆಸ್ಸಲ್ಲಿ ಹೇಳ್ತೀನಿ."

ಖಿಯೆಮ್ ಅವಳ ಕಿರಿಯ ಮಗ, ಶಾಲಾ ಮೇಷ್ಟ್ರು. ಜನರಲ್‌ನ ಪೋಸ್ಟರ್ ಹರಿದನೆಂದು ನಾಲ್ಕು ತಿಂಗಳಿಂದ ದ್ವೀಪದ ಜೈಲಿನಲ್ಲಿದ್ದ. ರಕ್ತ ಕೆಮ್ಮುತ್ತಿದ್ದಾನೆ, ಇನ್ನೊಂದು ತಿಂಗಳು ಉಳಿದರೆ ಹೆಚ್ಚು ಎಂದು ಅಲ್ಲಿಂದ ಬಿಡುಗಡೆಯಾಗಿ ಬಂದವನೊಬ್ಬ ಹೇಳಿದ್ದ.

ಅಜ್ಜಿ ಗೋಡೆಯ ಮೇಲಿದ್ದ ಜನರಲ್‌ನ ಪೋಸ್ಟರ್ ದಿಟ್ಟಿಸಿದಳು.

"ಹಲ್ಲು ಕಟ್ಟಿಸ್ಕೊಂಡಿದಾನೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕ್ಯಾಪ್ಟನ್ ತಿರುಗಿ ನೋಡಿದ. ಸದ್ದಡಗಿತು. ಅಜ್ಜಿಗೆ ಮಾತ್ರ ಅವನು ಏನೂ ಅನ್ನಲಿಲ್ಲ.

"ಲೆಫ್ಟಿನೆಂಟ್ ಆಗಿದ್ದಾಗ ಇದೇ ದಾರೀಲಿ ಸೈಕಲ್ ತುಳ್ಕೊಂಡು ಬರ್ತಿದ್ದ. ಕರ್ನಲ್ ಆದ, ತನ್ನನ್ನ ಮೇಲಕ್ಕೆತ್ತಿದವನನ್ನೇ ಟ್ಯಾಂಕ್ ತಂದು ಗದ್ದುಗೆಯಿಂದ ಇಳಿಸ್ದ. ಜನರಲ್ ಆದ, ಜೊತೆಗಾರರನ್ನ ಒಬ್ಬೊಬ್ಬರಾಗಿ ದೇಶ ಬಿಟ್ಟು ಓಡಿಸ್ದ. ಯುದ್ಧ ಮುಗಿಯೋ ತನಕ ಅಷ್ಟೇ ಅಂತ ಹೇಳಿ ಅರಮನೆ ಹೊಕ್ಕ. ಈಗ ಯುದ್ಧ ಮುಗಿದ್ರೆ ಅವನಿಗೇ ನಷ್ಟ. ಅಲ್ವೇನಪ್ಪಾ?"

"ಮೆಲ್ಲಗೆ, ಅಮ್ಮಾ. ನಂಗೂ ಮಕ್ಕಳಿದಾರೆ."

"ಅವಕ್ಕೂ ಇದನ್ನೇ ಕಲಿಸ್ತಿದೀಯಾ?"

ಕ್ಯಾಪ್ಟನ್ ಚೀಟಿಯನ್ನು ಅವಳ ಮುಂದಕ್ಕೆ ಸರಿಸಿದ.

ಅಜ್ಜಿ ಎದ್ದಳು. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಂತೆ ಎರಡೇ ಬೆರಳಲ್ಲಿ ಚೀಟಿ ಎತ್ತಿದಳು. ಒಂದು ಕ್ಷಣ ಬುಟ್ಟಿಯ ಕಡೆ ನೋಡಿದಳು. ಪೊಲೀಸ್ ಬೇಕೆಂದೇ ಆಚೆ ತಿರುಗಿದ. ಆದರೆ ಖಿಯೆಮ್ ಕೆಮ್ಮುತ್ತಿದ್ದ. ಚೀಟಿ ಲಕೋಟೆಗೆ ಹೋಯಿತು, ಲಕೋಟೆ ಡಬ್ಬಿಗೆ.

"ಸ್ವಲ್ಪ ನಗಿ, ಅಮ್ಮಾ," ಎಂದ ಫೋಟೋದವನು.

ಅವಳು ಬುಟ್ಟಿಗೆ ಕೆಂಪಗೆ ಉಗುಳಿದಳು.

ಕ್ಯಾಪ್ಟನ್ ವೈರ್‌ಲೆಸ್ ಕೋಣೆಗೆ ಓಡಿದ. ಬೆವರು ಒರೆಸಿಕೊಳ್ಳುತ್ತ ಬಂದ.

"ಖಿಯೆಮ್‌ನ ದೋಣಿ ಹತ್ತಿಸಿದಾರೆ. ನಾಳೆ ಎಲ್ಲಾ ಪೇಪರಲ್ಲೂ ನಿಮ್ಮದೇ ಫೋಟೋ. ಅಧ್ಯಕ್ಷರು ಲೈನಲ್ಲೇ ಇದಾರೆ, ಏನಾದ್ರೂ ಹೇಳ್ಬೇಕಾ?"

"ಹೇಳು ಅವನಿಗೆ. ಒಡಹುಟ್ಟಿದ ತಮ್ಮನ್ನ ಜೈಲಿಗೆ ಹಾಕಿ, ಹೆತ್ತ ತಾಯಿ ವೋಟು ಕಿತ್ಕೊಂಡ್ಯಲ್ಲಪ್ಪಾ ಅಂತ."