ಅಕ್ಕನ ಪಕ್ಕದಲ್ಲಿ

“ನಿಮಗೆ ಚಿಕ್ಕಂದಿನಲ್ಲಿ ಮಲೇರಿಯಾ ಬಂದಿತ್ತು” ಎಂದು ಡಾಕ್ಟರು ಹೇಳಿದ್ದು ಸ್ಪೀಕರಿನಲ್ಲಿ ಕೋಣೆಯೆಲ್ಲ ಕೇಳಿಸಿತು. ಮಂಚದ ಮೇಲೆ ಒಣಬಟ್ಟೆ ಮಡಚುತ್ತಿದ್ದ ಅಮ್ಮನ ಕೈ ತಟ್ಟನೆ ನಿಂತಿತು.

“ನನಗಲ್ಲ ಡಾಕ್ಟ್ರೇ, ನಮ್ಮಕ್ಕನಿಗೆ. ಅವಳು ಅದ್ರಲ್ಲೇ ತೀರಿಕೊಂಡ್ಲು. ಆಗ ನಾನು ಸೋದರತ್ತೆ ಮನೇಲಿದ್ದೆ” ಎಂದಳು ಮಗಳು. ಆಸ್ಪತ್ರೆಯಲ್ಲಿ ಮಲೇರಿಯಾ ಸಂಶೋಧನೆಗೆ ಬೇಕೆಂದು ಕೇಳಿದ್ದಕ್ಕೆ ರಕ್ತ ಕೊಟ್ಟು ಬಂದಿದ್ದಳು, ಅಷ್ಟೆ.

“ಜ್ವರ ಹೋದ್ಮೇಲೂ ದೇಹ ಅದನ್ನ ಎಷ್ಟು ವರ್ಷ ನೆನಪಿಟ್ಕೊಳ್ಳುತ್ತೆ ಅಂತಲೇ ನಾವು ನೋಡ್ತಿರೋದು. ಕೆಲವರಲ್ಲಿ ಬೇಗ ಮರೆತುಹೋಗುತ್ತೆ. ನಿಮ್ಮ ರಕ್ತದಲ್ಲಿ ಆ ರೋಗದ ಗುರುತು ಹಿಡಿಯೋ ಜೀವಕೋಶಗಳು ಇನ್ನೂ ಇವೆ. ಮನೇಲಿ ಹಿರಿಯರನ್ನ ಕೇಳಿ ನೋಡಿ.”

ಫೋನು ಇಟ್ಟ ಮೇಲೂ ಅಮ್ಮ ತಲೆಯೆತ್ತಲಿಲ್ಲ. ಮಡಚಿದ್ದ ದಿಂಬಿನ ಕವರನ್ನೇ ಬಿಚ್ಚಿ ಮತ್ತೆ ಮಡಚಿದಳು.

“ಅಮ್ಮಾ, ಆಗ ನಾನು ಎಲ್ಲಿದ್ದೆ?”

“ಅವಳ ಪಕ್ಕದಲ್ಲೇ ಇದ್ದೆ ಕಣೇ. ಇಬ್ರಿಗೂ ಒಟ್ಟಿಗೇ ಬಂದಿತ್ತು. ಚಳಿ ತಡೀಲಾರದೆ ತಬ್ಬಿಕೊಂಡು ಮಲಗ್ತಿದ್ರಿ. ಒಂದಿನ ಬೆಳಗ್ಗೆ ನಿನ್ನ ಜ್ವರ ಇಳಿದಿತ್ತು. ನಾನು ಒಳಗೆ ಬಂದ್ರೆ ನೀನು ಅವಳ ಕೆನ್ನೆ ಮುಟ್ಕೊಂಡು ಕೂತಿದ್ದೆ. ‘ಅಕ್ಕನಿಗೂ ಜ್ವರ ಬಿಡ್ತಮ್ಮಾ, ತಣ್ಣಗಿದ್ದಾಳೆ, ಎಬ್ಬಿಸಬೇಡ’ ಅಂತ ಪಿಸುಗುಟ್ಟಿದೆ.” ಅಮ್ಮ ದಿಂಬಿನ ಕವರನ್ನು ಪಕ್ಕಕ್ಕಿಟ್ಟಳು. “ಅದೊಂದು ನಿನಗೆ ನೆನಪುಳಿಯೋದು ಬೇಡ ಅಂತ ಅತ್ತೆ ಮನೆ ಕತೆ ನಾನೇ ಕಟ್ಟಿದೆ.”

ಎಷ್ಟು ತಡಕಾಡಿದರೂ ಮಗಳಿಗೆ ಆ ಬೆಳಗು ನೆನಪಾಗಲಿಲ್ಲ. ಅಕ್ಕನ ಮುಖವೂ ಮೂಡಲಿಲ್ಲ. ಅಮ್ಮ ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಮಗಳ ಕೈ ತಾನಾಗಿ ಮುಂದೆ ಹೋಯಿತು, ಅಮ್ಮನ ಕೆನ್ನೆ ಬೆಚ್ಚಗಿದೆಯೇ ಎಂದು ನೋಡಲು.