ನಿಲ್ಲದ ಬುಕಿಂಗ್

ಬಟನ್ ಮತ್ತೆ ಹಸಿರಾಯಿತು. ತಬಸುಮ್‌ಗೆ ಲ್ಯಾಪ್‌ಟಾಪ್ ಎತ್ತಿ ಬಾವಿಗೆ ಹಾಕಬೇಕೆನಿಸಿತು.

ತಿರ್ಲಾಪುರದ ರೈತರು ಕೆಲವರು ಕೂಡಿ ಎತ್ತಿನ ಜೋಡಿಗಳನ್ನು ಬಾಡಿಗೆಗೆ ಕೊಡುವ ಸಂಘ ಮಾಡಿಕೊಂಡಿದ್ದರು. ಅದರ ವೆಬ್‌ಸೈಟ್ ಕಟ್ಟಿದವಳು ತಬಸುಮ್. ಜೋಡಿ ಬುಕ್ ಮಾಡಿದರೆ ಬಟನ್ ಕೆಂಪಾಗಿ ಹಾಗೆಯೇ ಉಳಿಯಬೇಕು. ಈ ಹಾಳಾದ ಬಟನ್ ಕೆಂಪಾಗುತ್ತಿತ್ತು, ತುಸು ಹೊತ್ತಿಗೆ ಮತ್ತೆ ಹಸಿರಾಗಿ 'ಖಾಲಿ ಇದೆ' ಎನ್ನುತ್ತಿತ್ತು. ಸಂಜೆ ಸಂಘದ ಹಿರಿಯರು ನೋಡಲು ಬರುವವರಿದ್ದರು. ಅಷ್ಟರೊಳಗೆ ಸರಿಯಾಗದಿದ್ದರೆ ಕೆಲಸ ಹುಬ್ಬಳ್ಳಿಯ ಕಂಪನಿಯ ಪಾಲು. ಅವಳು ಸ್ವಂತವಾಗಿ ಹಿಡಿದ ಮೊದಲ ಕೆಲಸವದು. ರವಿವಾರವೆಂದೂ ನೋಡದೆ ಬೆಳಗ್ಗೆಯೇ ಬಂದು ಸಂಘದ ಕೋಣೆಯಲ್ಲಿ ಕೂತಿದ್ದಳು.

ತಪ್ಪು ಹುಡುಕಲು ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದಳು. ಬಟನ್ ಅವಳೇ ಬರೆದ ವೆಬ್ ಕಾಂಪೊನೆಂಟ್, ಪುಟದೊಳಗಿನ ಬಿಡಿಭಾಗ. ಅದರ ಹೊಟ್ಟೆಯೊಳಗಿನ ಜಾವಾಸ್ಕ್ರಿಪ್ಟ್ ಸಾಲು ಸಾಲಾಗಿ ನಿಂತು ನಿಂತು ಓಡುವಂತೆ ಬ್ರೇಕ್‌ಪಾಯಿಂಟ್ ಇಟ್ಟಳು. ಕಲ್ಲಪ್ಪ ಎಂದು ಬಾಯಿಗೆ ಬಂದ ಹೆಸರು ಹಾಕಿ ನಾಳೆಗೆ ಒಂದು ಜೋಡಿ ಬುಕ್ ಮಾಡಿದಳು. ಕೆಂಪಾಯಿತು. ಕನ್ಸೋಲಿನಲ್ಲಿ ಒಂದೂ ದೋಷವಿಲ್ಲ. ಸ್ವಲ್ಪ ಹೊತ್ತಿಗೆ ಸರ್ವರಿನಿಂದ 'ಖಾಲಿ' ಎಂಬ ಸುದ್ದಿ ಬಂತು. ಬಟನ್ ಹೇಳಿದ ಮಾತು ಕೇಳಿ ಹಸಿರಾಯಿತು.

ಮೂಲೆಯಲ್ಲಿ ಎತ್ತುಗಳ ಉಸ್ತುವಾರಿ ಸಂಗನಬಸವ ಮೊಬೈಲ್ ತಿಕ್ಕುತ್ತ ಕೂತಿದ್ದ.

"ನಾಚಿಕಿ ಇಲ್ಲದ ಮಂದಿ," ಎಂದು ಗೊಣಗಿದ.

ತನಗೇ ಅಂದನೆಂದು ತಬಸುಮ್‌ಳ ಮುಖ ಬಿಸಿಯಾಯಿತು. ಕೋಡ್ ಬದಲಿಸಿದಳು. ಮತ್ತೆ ಕಲ್ಲಪ್ಪ, ಮತ್ತೆ ನಾಳೆ. ಕೆಂಪು, ಹಸಿರು. ಬದಲಿಸಿದ್ದನ್ನೇ ಮತ್ತೆ ಬದಲಿಸಿದಳು. ಕಣ್ಣು ಉರಿಯುತ್ತಿತ್ತು. ಕುಡಿಯದ ಚಹಾ ಕೆನೆಗಟ್ಟಿತ್ತು.

"ಮತ್ತ ಬಂತು ನೋಡ್ರಿ," ಎಂದ ಸಂಗನಬಸವ.

"ನನಗೂ ಕಣ್ಣದಾವ್ರಿ," ಎಂದು ಸಿಡುಕಿದಳು.

ಹೊರಗೆ ಹಿರಿಯರು ಚಪ್ಪಲಿ ಬಿಡುವ ಸದ್ದಾಯಿತು. ತಬಸುಮ್ ಲ್ಯಾಪ್‌ಟಾಪ್ ಮುಚ್ಚಿದಳು. ಸಂಗನಬಸವನ ಕಡೆ ನೋಡಿದಳು.

"ನನ್ನ ಕೈಲೆ ಆಗಂಗಿಲ್ರಿ ಕಾಕಾ. ಹುಬ್ಬಳ್ಳಿಯವರಿಗೇ ಕೊಡ್ರಿ."

"ಅದಿರ್ಲಿ, ಈ ಕಲ್ಲಪ್ಪ ಯಾವೂರಾಂವ ಹೇಳ್ರಿ ಮೊದ್ಲ," ಎಂದು ಸಂಗನಬಸವ ಮೊಬೈಲನ್ನು ಅವಳತ್ತ ತಿರುಗಿಸಿದ. "ಸೋಮವಾರ ಬಸವಣ್ಣನ ಹೆಗಲಿಗೆ ನೊಗಾ ಇಡಬಾರದು ಅನ್ನೂದು ಗೊತ್ತಿಲ್ಲೇನ ಅವಗ? ಮುಂಜಾನಿಯಿಂದ ನಾ ರದ್ದ ಮಾಡಿದಂಗೆಲ್ಲ ಮತ್ತ ಮತ್ತ ಎತ್ತು ಕೇಳಾಕತ್ತಾನ."